ಸಜ್ಜೆಯ ಕೇದಿಗೆ ರೋಗಕ್ಕೆ ಬೀಜೋಪಚಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಭಾಗದಲ್ಲಿ ಸಜ್ಜೆ ಬೆಳೆಯುವ ರೈತರು ಕೇದಿಗೆ ರೋಗದ ಬಗ್ಗೆ ಎಚ್ಚರ ವಹಿಸುವುದು ಅಗತ್ಯ. ರೋಗ ತಗುಲಿದ ಗಿಡದ ಎಲೆಗಳು ಬಿಳಿಚಿಕೊಂಡು, ಮುಂಜಾನೆ ಅವುಗಳ ಕೆಳಭಾಗದಲ್ಲಿ ಬಿಳಿ ಬೂಜು ಕಾಣುತ್ತದೆ. ತೆನೆಯಲ್ಲಿ ಕಾಳಿನ ಬದಲು ಹಸಿರೆಲೆಗಳಂಥ ಎಸಳುಗಳು ಮೂಡುತ್ತವೆ. 1965ರಲ್ಲಿ ಬಿಡುಗಡೆಯಾದ ಎಚ್.ಬಿ.-1 ಹೈಬ್ರಿಡ್ ತಳಿ 1970ರ ದಶಕದ ಆರಂಭದಲ್ಲಿ ಈ ರೋಗಕ್ಕೆ ತುತ್ತಾಯಿತು.

ಇದರ ರೋಗಾಣು ನಿಜವಾದ ಶಿಲೀಂಧ್ರವಲ್ಲ. ಸಮುದ್ರದ ಕಂದು ಪಾಚಿಯ ದೂರದ ಸಂಬಂಧಿ. ಇದರ ಬಳಗದ ಕೆಲವು ಸೂಕ್ಷ್ಮ ಪರಾವಲಂಬಿಗಳು ಆ ಪಾಚಿಯನ್ನೂ ಕಾಡುತ್ತವೆ. ಆದ್ದರಿಂದ ಶಿಲೀಂಧ್ರಗಳಿಗೆ ಬಳಸುವ ಕಾರ್ಬೆಂಡಜಿಂ ಇದಕ್ಕೆ ನಾಟುವುದಿಲ್ಲ. ರೋಗನಿರೋಧಕ ತಳಿಯನ್ನು ಆರಿಸಿ, ಪ್ರತಿ ಕಿಲೋ ಬೀಜಕ್ಕೆ ಶೇ. 35ರ ಮೆಟಲಾಕ್ಸಿಲ್ 6 ಗ್ರಾಂ ಲೇಪಿಸಿ ಬಿತ್ತಬೇಕು. ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ರೋಗದ ಗಿಡಗಳನ್ನು ಕಂಡ ಕೂಡಲೇ ಕಿತ್ತು ಸುಡಬೇಕು.