ಹಲ್ಲಿಗೂ ಉಂಟು ರಫು

ಕೊಳ್ಳೇಗಾಲದ ಮಗ್ಗದಲ್ಲಿ ನೆಯ್ದ ರೇಷ್ಮೆಸೀರೆಯ ಅಂಚಿನಲ್ಲಿ ನಾಲ್ಕು ಎಳೆ ಹರಿದುವೆಂದು ಯಾರೂ ಸೀರೆಯನ್ನೇ ಎಸೆದುಬಿಡುವುದಿಲ್ಲ. ರಫು ಮಾಡಿಸಿ ಉಡುತ್ತಾರೆ. ಹುಳುಕು ಹಲ್ಲಿಗೆ ತುಂಬಿಸಿದ 'ಸಿಮೆಂಟ್' ಅಂಚಿನಲ್ಲಿ ಮುಕ್ಕಾದಾಗ ಮಾತ್ರ, ಹಳೆಯದನ್ನೆಲ್ಲ ಕಿತ್ತು ಹೊಸದಾಗಿ ತುಂಬಿಸಬೇಕೆಂದೇ ಬಹುಮಂದಿ ತಿಳಿದಿರುತ್ತಾರೆ. ಇದು ಸರಿಯೇ?

ಹಲ್ಲಿನ ಬಣ್ಣದ ಈ ಸಿಮೆಂಟಿಗೆ ಕಾಂಪೋಸಿಟ್ ಎಂದು ಹೆಸರು. ಇದು ರಾಳದಲ್ಲಿ ಗಾಜಿನ ನುಣ್ಣನೆಯ ಪುಡಿ ಬೆರೆಸಿದ ಮಿಶ್ರಣ. ಆಮ್ಲದಿಂದ ಹಲ್ಲಿನ ಹೊರಕವಚವನ್ನು ಒರಟಾಗಿಸಿದರೆ ರಾಳವು ಅದಕ್ಕೆ ಬಿಗಿಯಾಗಿ ಅಂಟುವುದೆಂದು ಅಮೆರಿಕದ ಬ್ಯೂನೊಕೋರ್ ೧೯೫೫ರಲ್ಲಿ ತೋರಿಸಿದರು; ಇಂದಿನ ಕಾಂಪೋಸಿಟ್‌ಗಳಿಗೆ ಮೂಲವಾದ ರಾಳಕ್ಕೆ ಬೋವೆನ್ ೧೯೬೨ರಲ್ಲಿ ಪೇಟೆಂಟ್ ಪಡೆದರು. ಹಲ್ಲಿನ ಬಣ್ಣವನ್ನೇ ಹೋಲುವುದು, ಹಲ್ಲಿಗೆ ಅಂಟಿಕೊಂಡಿರುವುದು ಇದರ ಗುಣಗಳು. ಕೀಳುವಾಗ ಇವೇ ದೋಷಗಳಾಗುತ್ತವೆ. ಸಿಮೆಂಟ್ ಎಲ್ಲಿ ಮುಗಿಯಿತು, ಹಲ್ಲು ಎಲ್ಲಿ ಮೊದಲಾಯಿತು ಎಂಬುದು ವೈದ್ಯರ ಕಣ್ಣಿಗೂ ಸುಲಭವಾಗಿ ತಿಳಿಯದು. ಕೊರೆಯುವ ಯಂತ್ರವು ಒಳ್ಳೆಯ ಹಲ್ಲನ್ನೂ ಒಂದಿಷ್ಟು ತಿನ್ನುತ್ತದೆ. ಹೀಗೆ ಪ್ರತಿಸಲವೂ ಕುಳಿ ಹಿಗ್ಗಿ, ಸುತ್ತಲಿನ ಗೋಡೆ ತೆಳುವಾಗಿ, ಕೊನೆಗೆ ಹಲ್ಲೇ ಸೀಳಬಹುದು.

ಆದುದರಿಂದ ಕೆಟ್ಟಷ್ಟನ್ನೇ ತೆಗೆದು ದುರಸ್ತಿ ಮಾಡುವುದು ಮೇಲು. ಆದರೆ ಹಳೆಯದರ ಮೇಲೆ ಹೊಸದನ್ನು ಸುಮ್ಮನೆ ಮೆತ್ತಿದರೆ ನಿಲ್ಲದು. ಆಗತಾನೆ ಹಾಕಿದ ಪದರದ ಮೇಲ್ಮೈಯಲ್ಲಿ ಪೂರ್ತಿ ಗಟ್ಟಿಯಾಗದ ರಾಳವಿದ್ದು ಮುಂದಿನ ಪದರವನ್ನು ಹಿಡಿದುಕೊಳ್ಳುತ್ತದೆ. ವರ್ಷಗಟ್ಟಲೆ ಉಗುಳಿನಲ್ಲಿ ನೆನೆದ ಮೇಲ್ಮೈಗೆ ಆ ಹಿಡಿತವಿಲ್ಲ. ಮೊದಲು ಅದನ್ನು ಒರಟು ಮಾಡಬೇಕು. ವಜ್ರದ ಪುಡಿ ಲೇಪಿಸಿದ ಸಣ್ಣ ಮೊನೆಯಿಂದ ಕೆರೆಯುವುದುಂಟು, ಅಲ್ಯುಮಿನದ ಕಣಗಳನ್ನು ಗಾಳಿಯ ರಭಸದಿಂದ ಎರಚುವುದೂ ಉಂಟು. ಬಳಿಕ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದು, ಗಾಜಿನ ಕಣವನ್ನೂ ರಾಳವನ್ನೂ ಬೆಸೆಯುವ ಸಿಲೇನ್ ಸವರಿ, ಅಂಟುದ್ರವ ಲೇಪಿಸಿ, ಹೊಸ ಕಾಂಪೋಸಿಟನ್ನು ಸುಮಾರು ೨ ಮಿಲಿಮೀಟರ್ ದಪ್ಪದ ಪದರಗಳಲ್ಲಿಟ್ಟು ನೀಲಿ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಅನೇಕ ವೇಳೆ ಅರಿವಳಿಕೆಯ ಚುಚ್ಚುಮದ್ದೂ ಬೇಕಾಗುವುದಿಲ್ಲ.

ಎಲೆ-ಅಡಿಕೆ ಹಾಕುವವರ ಸಿಮೆಂಟಿನ ಅಂಚು ಕಪ್ಪಾಗಿ ಕಾಣಬಹುದು. ಬರಿಯ ಕಲೆ ಹುಳುಕಲ್ಲ. ಎಷ್ಟೋ ಸಲ ಉಜ್ಜಿ ನಯಗೊಳಿಸಿದರೆ ಸಾಕು. ಆದರೆ ಸಿಮೆಂಟಿನ ಅಡಿಯಲ್ಲಿ ಹುಳುಕು ಹಬ್ಬಿದ್ದರೆ, ಇಲ್ಲವೆ ಸಿಮೆಂಟೇ ಸಡಿಲವಾಗಿದ್ದರೆ ರಫು ಸಲ್ಲದು. ರಾತ್ರಿ ತಾನಾಗಿ ನೋವೆದ್ದರೆ ಹಲ್ಲಿನ ನರಕ್ಕೇ ಚಿಕಿತ್ಸೆ ಬೇಕಾಗಬಹುದು.

ಹನೂರಿನಾಚೆಯ ಬೆಟ್ಟದ ಊರುಗಳಿಂದಲೋ ಯಳಂದೂರು ಕಡೆಯ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದಲೋ ದಂತವೈದ್ಯರಲ್ಲಿಗೆ ಬರುವವರಿಗೆ ಒಂದು ದಿನದ ಕೂಲಿ ನಷ್ಟ, ಬಸ್ಸಿನ ಖರ್ಚು ಬೇರೆ. ಮುಕ್ಕು ಸಣ್ಣದಿರುವಾಗಲೇ ಬಂದರೆ ಒಂದೇ ಭೇಟಿಯಲ್ಲಿ ಕೆಲಸ ಮುಗಿಯುವುದುಂಟು. "ಎಲ್ಲವನ್ನೂ ಕೀಳಲೇಬೇಕೆ, ಕೆಟ್ಟಷ್ಟನ್ನೇ ಸರಿಪಡಿಸಬಹುದೆ?" ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಕಿತ್ತ ಸಿಮೆಂಟನ್ನು ಮತ್ತೆ ತುಂಬಬಹುದು; ಕೊರೆದುಹೋದ ಹಲ್ಲು ಮತ್ತೆ ಬೆಳೆಯುವುದಿಲ್ಲ.