ಶ್ರೀಗಂಧ, ರಕ್ತಚಂದನ: ಗುರುತಿಸುವ ಬಗೆ

ಬೆಂಗಳೂರಿನ ಪಶ್ಚಿಮದ ಶ್ರೀಗಂಧದ ಕಾವಲ್ ತನ್ನ ಹೆಸರಿನಲ್ಲಿ ಗಂಧದ ಮರವನ್ನು ಉಳಿಸಿಕೊಂಡಿದೆ. ಶ್ರೀಗಂಧ, ರಕ್ತಚಂದನ ಎರಡನ್ನೂ ಜನರು ಚಂದನವೆಂದೇ ಕರೆಯುವುದುಂಟು. ಸಸ್ಯಶಾಸ್ತ್ರಜ್ಞರಾದರೋ ರೂಢಿಯ ಹೆಸರನ್ನು ನಂಬದೆ ಎಲೆ, ಹೂ, ಕಾಯಿಗಳ ರಚನೆಯನ್ನು ನೋಡಿ ಗಿಡಗಳನ್ನು ಕುಟುಂಬಗಳಾಗಿ ವಿಂಗಡಿಸುತ್ತಾರೆ.

ಶ್ರೀಗಂಧದ ಎಲೆಗಳು ಒಂಟಿ ಅಲಗಿನವು. ರೆಂಬೆಯ ಮೇಲೆ ಎದುರುಬದುರಾಗಿ ಜೋಡಿಯಾಗಿರುತ್ತವೆ. ಹೂ ಚಿಕ್ಕದು, ದುಂಡನೆಯ ಹಣ್ಣು ಮಾಗಿದಾಗ ಕಪ್ಪಾಗುತ್ತದೆ, ಒಳಗೆ ಒಂದೇ ಬೀಜ. 1753ರಲ್ಲಿ ಲಿನೇಯಸ್ ಇದಕ್ಕೆ ಸ್ಯಾಂಟಲಂ ಆಲ್ಬಂ ಎಂದು ಹೆಸರಿಟ್ಟನು.

ರಕ್ತಚಂದನದಲ್ಲಿ ಎಲೆಗಳು ಜೋಡಿಯಾಗಿರದೆ ರೆಂಬೆಯ ಒಂದೊಂದು ಗೆಣ್ಣಿಗೆ ಒಂದೊಂದರಂತೆ ಬರುತ್ತವೆ. ಬಲಿತ ಎಲೆಯಲ್ಲಿ ಸಾಮಾನ್ಯವಾಗಿ ಮೂರು ಕಿರುಎಲೆಗಳು. ಹೂ ಹಳದಿ; ಚಪ್ಪಟೆ ಕಾಯಿಯ ಸುತ್ತ ರೆಕ್ಕೆ. ಆದುದರಿಂದ ಇದು ಹೊಂಗೆ, ತೊಗರಿಗಳ ಕುಟುಂಬಕ್ಕೆ ಸೇರಿದ್ದು.

ಈ ಭೇದವನ್ನು ಅರಿಯುವುದರಿಂದ ರೈತರಿಗೆ ಲಾಭವಿದೆ. ಶ್ರೀಗಂಧವು ಅರೆ ಪರಾವಲಂಬಿ. ಅದರ ಬೇರು ನೆರೆಗಿಡದ ಬೇರಿಗೆ ಅಂಟಿಕೊಂಡು ನೀರು, ಪೋಷಕಾಂಶಗಳನ್ನು ಹೀರುತ್ತದೆ. ಆದುದರಿಂದ ಸಸಿಯ ಚೀಲದಲ್ಲಿ ತೊಗರಿಯನ್ನೂ, ಹೊಲದಲ್ಲಿ ಹೊಂಗೆ ಅಥವಾ ಸರ್ವೆಯನ್ನೂ ಆಸರೆಯಾಗಿ ಬೆಳೆಸಬೇಕು. ರಕ್ತಚಂದನಕ್ಕೆ ಆಸರೆ ಗಿಡ ಬೇಡ.

2001ರ ಕಾನೂನು ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಸ್ವಂತ ಜಮೀನಿನ ಶ್ರೀಗಂಧಕ್ಕೆ ಬೆಳೆಗಾರನೇ ಒಡೆಯ. ಮರದಲ್ಲಿ ಚೇಗು ಬಲಿಯಲು ಹಲವು ವರ್ಷಗಳು ಬೇಕು. ಹಣ ಕೊಡುವ ಮುನ್ನ ಸಸಿಯ ಎಲೆಗಳು ಎದುರುಬದುರಾಗಿವೆಯೇ ಎಂದು ನೋಡಿರಿ.