ಒಂದೇ ಜೀನ್ ನಂಬಿದ್ರೆ ಗೊರಿಲ್ಲಾನೇ ಹತ್ತಿರದ ನೆಂಟ!

ಚಿಂಪಾಂಜಿ, ಗೊರಿಲ್ಲಾ – ಇವೆರಡರಲ್ಲಿ ನಮಗೆ ಹತ್ತಿರದ ನೆಂಟ ಯಾರು? ಚಿಂಪಾಂಜಿ ಅಂತ ನಾವೆಲ್ಲ ಓದಿದ್ದೇವೆ. ಉತ್ತರ ಸರಿಯೇ. ಆದರೆ 2012ರಲ್ಲಿ ಗೊರಿಲ್ಲಾದ ಜೀನೋಮ್ ಪ್ರಕಟವಾದಾಗ ಒಂದು ವಿಚಿತ್ರ ಕಂಡಿತು. ಜೀನೋಮಿನ ಸುಮಾರು 30% ಭಾಗದಲ್ಲಿ ಗೊರಿಲ್ಲಾವೇ ಮನುಷ್ಯನಿಗೋ ಚಿಂಪಾಂಜಿಗೋ ಹೆಚ್ಚು ಹತ್ತಿರ! ಪ್ರೋಗ್ರಾಂನಲ್ಲಿ ಬಗ್ ಇತ್ತಾ? ಇಲ್ಲ.

ಮೊದಲು ವಿಧಾನ ನೋಡೋಣ. ಡಿಎನ್‌ಎ ಅಂದರೆ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಸ್ಟ್ರಿಂಗ್. ನಮ್ಮದರ ಉದ್ದ ಸುಮಾರು 300 ಕೋಟಿ ಅಕ್ಷರ. ಮನುಷ್ಯ, ಚಿಂಪಾಂಜಿ, ಗೊರಿಲ್ಲಾ, ಜೊತೆಗೆ ದೂರದ ನೆಂಟ ಒರಾಂಗುಟಾನ್ – ನಾಲ್ಕರ ಸ್ಟ್ರಿಂಗನ್ನೂ ಒಂದರ ಕೆಳಗೊಂದು ಅಲೈನ್ ಮಾಡಬೇಕು. ಒರಾಂಗುಟಾನ್‌ನಲ್ಲಿ ಇರುವುದನ್ನು ಹಳೆಯ ಅಕ್ಷರ ಅಂತ ಇಟ್ಟುಕೊಳ್ಳೋಣ. ಉಳಿದ ಮೂವರಲ್ಲಿ ಯಾವ ಇಬ್ಬರು ಹೊಸ ಅಕ್ಷರ ಹಂಚಿಕೊಂಡಿದ್ದಾರೋ, ಆ ಜಾಗದ ಮಟ್ಟಿಗೆ ಅವರೇ ಹತ್ತಿರದವರು.

ಹಾಗಾದ್ರೆ ಜಾಗದಿಂದ ಜಾಗಕ್ಕೆ ಉತ್ತರ ಬದಲಾಗೋದು ಯಾಕೆ? ಪೂರ್ವಜ ಅಂದರೆ ಒಂದು ಪ್ರಾಣಿಯಲ್ಲ, ಒಂದು ದೊಡ್ಡ ಗುಂಪು. ಆ ಗುಂಪಿನಲ್ಲಿ ಒಂದೇ ಜೀನಿನ ಹಳೆಯ, ಹೊಸ ರೂಪಗಳು ಒಟ್ಟಿಗೇ ಇದ್ದವು. ಮೊದಲು ಗೊರಿಲ್ಲಾ ಶಾಖೆ ಬೇರೆಯಾಯಿತು. ಅದಕ್ಕೆ ಹೊಸ ರೂಪ ಸಿಕ್ಕಿತು ಅನ್ನಿ. ಉಳಿದ ಗುಂಪಿನಲ್ಲಿ ಎರಡೂ ರೂಪ ಇನ್ನೂ ಇದ್ದವು. ಅದು ಒಡೆದಾಗ ಮನುಷ್ಯನ ಶಾಖೆಯಲ್ಲಿ ಹೊಸದು, ಚಿಂಪಾಂಜಿಯದರಲ್ಲಿ ಹಳೆಯದು ಉಳಿದರೆ? ಆ ಜೀನಿನಲ್ಲಿ ನಾವು ಗೊರಿಲ್ಲಾ ಜೊತೆ!

ಇಲ್ಲಿ ಎರಡು ವಿಷಯ ಗಮನಿಸಬೇಕು.

1. ಈ 30% ಕಸವಲ್ಲ, ಅಳತೆಗೋಲು. ಎರಡು ಒಡಕುಗಳ ನಡುವಿನ ತಲೆಮಾರುಗಳನ್ನು ಗುಂಪಿನ ಗಾತ್ರದ ಎರಡರಷ್ಟರಿಂದ ಭಾಗಿಸಿ. ಆ ಸಂಖ್ಯೆ ಹೆಚ್ಚಾದಂತೆ ಇಂಥ ಗೊಂದಲ ಎಕ್ಸ್‌ಪೊನೆನ್ಷಿಯಲ್ ಆಗಿ ಇಳಿಯುತ್ತೆ. 30% ಅಂದರೆ ಆ ಸಂಖ್ಯೆ ಸುಮಾರು 0.8. ತಲೆಮಾರುಗಳ ಅಂದಾಜು ಇದ್ದರೆ ಸಾಕು, ಪಳೆಯುಳಿಕೆ ಎಂದೂ ಹೇಳದ ಪೂರ್ವಜರ ಗುಂಪಿನ ಗಾತ್ರ ಸಿಗುತ್ತೆ.

2. ಬರೀ ಆಕಸ್ಮಿಕವಾದರೆ ಎರಡು 'ತಪ್ಪು' ಉತ್ತರಗಳೂ ಹೆಚ್ಚುಕಡಿಮೆ ಸಮನಾಗಿ ಬರಬೇಕು. ಒಂದೇ ಕಡೆ ವಾಲಿದರೆ ಬೇರೆಯಾದ ಮೇಲೂ ಬೆರಕೆ ನಡೆದಿದೆ ಎಂಬ ಅನುಮಾನ. 2010ರಲ್ಲಿ ನಿಯಾಂಡರ್ತಲ್ ಜೀನೋಮಿನ ಮೇಲೆ ಇದೇ ಎಣಿಕೆ ನಡೆಯಿತು. ಅದು ಆಫ್ರಿಕಾದ ಹೊರಗಿನವರ ಕಡೆ ವಾಲಿತ್ತು. ಅಂದರೆ ನಮ್ಮೊಳಗೂ ನಿಯಾಂಡರ್ತಲ್ ಅಂಶ ಸ್ವಲ್ಪ ಇದೆ.

ಈ ಜೀನೋಮ್‌ಗಳೆಲ್ಲ ಉಚಿತವಾಗಿ ಡೌನ್‌ಲೋಡ್‌ಗೆ ಸಿಗುತ್ತವೆ. ಸ್ವಲ್ಪ ಪೈಥಾನ್ ಬಂದರೆ ಒಂದು ಪುಟ್ಟ ಭಾಗ ತಗೊಂಡು ನಾವೇ ಎಣಿಸಬಹುದು. ಹೊಂದಿಕೆಯಾಗದ ಸಾಲುಗಳನ್ನು ಮಾತ್ರ ಡಿಲೀಟ್ ಮಾಡಬೇಡಿ. ಕಥೆ ಇರೋದು ಅಲ್ಲೇ.